ಬೇರಿಗೆ ಮದ್ದು ಕಟ್ಟುತ್ತಿದ್ದ ಪಾಲಾಕ್ಷ

ಅವತ್ತು ಸೋಮವಾರ. ಮಾರನೆಯ ದಿನ ಹಾಸನದ ಆಸ್ಪತ್ರೆಯಲ್ಲಿ ಪಾಲಾಕ್ಷನಿಗೆ ಮೂರನೆಯ ಸಲ ಕ್ಯಾನ್ಸರ್ ಮದ್ದು ಏರಿಸುವುದಿತ್ತು. ಹಾಗಂತ ಮನೆಯಲ್ಲಿ ಯಾರೂ ಮುಖ ಇಳಿಬಿಟ್ಟುಕೊಂಡು ಕೂತಿರಲಿಲ್ಲ. ಹೆಂಡತಿ ಪ್ರೇಮಕುಮಾರಿ ಕೊಟ್ಟಿಗೆ ಗುಡಿಸಿದಳು, ಡೇರಿಗೆ ಹಾಲು ಹಾಕಿ ಬಂದಳು, ಒಲೆಯ ಮೇಲೆ ಹುರುಳಿಕಾಳು ಬೇಯಲಿಟ್ಟಳು. ಪಾಲಾಕ್ಷ ಜಗುಲಿಯ ಮೇಲೆ ಕೂತು ಚಾಕು ಮಸೆಯುತ್ತಿದ್ದ. ಪಕ್ಕದ ತೋಟದಲ್ಲಿ ಎರಡು ತೆಂಗಿನ ಮರಕ್ಕೆ ಹುಳು ಬಿದ್ದು ಗರಿಯೆಲ್ಲ ಸುಟ್ಟ ಹಾಗಾಗಿತ್ತು. ಬಂದು ನೋಡು ಅಂತ ಕರೆದಿದ್ದರು.

“ನಾಳೆ ಆಸ್ಪತ್ರೆ ಇಟ್ಕೊಂಡು ಇವತ್ತು ತ್ವಾಟಕ್ಕೆ ಓಗ್ತೀರಾ?” ಅಂದಳು.

“ಮರ ಅತ್ತಕ್ಕೆ ಓಗ್ತಿಲ್ಲ ಕಣೇ. ಬೇರು ಇರಾದು ನೆಲದಾಗೆ.”

ಹೋದ. ಮಧ್ಯಾಹ್ನ ಬೆವರು ಸುರಿಸಿಕೊಂಡು ಬಂದ. ಏಪ್ರಿಲ್ ಬಿಸಿಲು, ನಾಯಿಗಳು ಕೂಡ ಗೋಡೆಯ ನೆರಳು ಬಿಟ್ಟು ಕದಲುತ್ತಿರಲಿಲ್ಲ. ಪ್ರೇಮಕುಮಾರಿ ಮುದ್ದೆ, ಹುರುಳಿ ಸಾರು ಬಡಿಸಿ ಚೊಂಬಿನಲ್ಲಿ ನೀರಿಟ್ಟಳು. ಅವನು ಚೊಂಬನ್ನು ಬೆರಳಿನಿಂದ ಆಚೆ ತಳ್ಳಿದ. ಮಜ್ಜಿಗೆ ತಂದಳು. ಅದೂ ಬೇಡವಂತೆ.

“ಯಾಕೆ, ಏಕಾದಸಿನಾ? ನಮ್ಮನೇಲಿ ಯಾವತ್ತಿತ್ತು ಏಕಾದಸಿ?”

“ಇವತ್ತೂ ನಾಳೆನೂ ನೀರು ಬ್ಯಾಡ. ಒಣಗಿದ್ರೆ ತಾನೆ ಎಳ್ಕೊಳ್ಳಾದು.”

“ನೀವೇನು ತೆಂಗಿನ ಮರನಾ?”

“ಡಾಕ್ಟ್ರೇ ಅಂದವ್ರೆ ಕಣೇ. ನಿಂಗೆ ಗೊತ್ತಾಗಕ್ಕಿಲ್ಲ, ಸುಮ್ಕಿರು.”

ಸುಮ್ಮನಿರುವ ಪೈಕಿ ಅವಳಲ್ಲ. ನಿಮ್ಮ ಮೊಂಡುತನಕ್ಕೆ ಬೆಂಕಿ ಬೀಳ ಅಂದಳು. ಅವನು ನಕ್ಕು, ಬೆಂಕಿ ಬಿದ್ರೆ ಆರ್ಸಕ್ಕೆ ನೀರು ಉಳಿಸಿಟ್ಟಿವ್ನಲ್ಲ ಅಂದ. ಅವಳು ಮಜ್ಜಿಗೆಯನ್ನು ಕರುವಿನ ಮುಂದೆ ಸುರಿದು ಒಳಗೆ ಹೋದಳು. ಇಬ್ಬರೂ ಚೆನ್ನಾಗಿ ಜಗಳವಾಡಿದ ಕೊನೆಯ ದಿನ ಅದು.

ಪಾಲಾಕ್ಷ ನುಗ್ಗೇಹಳ್ಳಿ ಕಡೆಯವನು. ಆ ಕಡೆ ಗಂಡು ಹುಟ್ಟಿದರೆ ತೆಂಗಿನ ಮರ ಹತ್ತಬೇಕು. ಇವನಿಗೆ ಎರಡಾಳೆತ್ತರ ಹೋದರೆ ತಲೆ ಸುತ್ತುತ್ತಿತ್ತು. ಹುಡುಗನಾಗಿದ್ದಾಗ ಒಮ್ಮೆ ಮರದ ನಡುವೆ ಅಪ್ಪಿಕೊಂಡು ನಿಂತು ಮೇಲಕ್ಕೂ ಹೋಗದೆ ಕೆಳಕ್ಕೂ ಬರದೆ ಅತ್ತಿದ್ದನಂತೆ. ಆಗಿನಿಂದ ಊರಿನವರು ಇಟ್ಟ ಹೆಸರು ನೆಲದ ಪಾಲಾಕ್ಷ. ಪ್ರೇಮಕುಮಾರಿಯನ್ನು ನೋಡಲು ಬಂದಾಗ ಅವಳ ಸೋದರಮಾವ ಮುಖಕ್ಕೇ ಕೇಳಿದ್ದ, “ಮರ ಅತ್ತಕ್ಕೆ ಬರದೋನು ಹೆಂಡ್ತಿಗೆ ಏನ್ ಕೆಡವಿ ಕೊಡ್ತೀಯಪ್ಪ?” ಪಾಲಾಕ್ಷ, “ಬಿದ್ದಿದ್ದ ಆರಿಸ್ಕೊಡ್ತೀನಿ ಮಾವ,” ಅಂದಿದ್ದ. ಆ ಮಾತಿಗೇ ಅವಳು ಒಪ್ಪಿದ್ದು.

ಮದುವೆಯಾದ ಹೊಸತರಲ್ಲಿ ತೋಟಗಾರಿಕೆಯವರು ಊರಿಗೆ ಬಂದು, ಹುಳು ಬಿದ್ದ ಮರಕ್ಕೆ ಬೇರಿನ ಮೂಲಕ ಮದ್ದು ಕೊಡುವುದನ್ನು ತೋರಿಸಿದರು. ಊರಿನವರು ನೋಡಿ ಮನೆಗೆ ಹೋದರು. ಪಾಲಾಕ್ಷ ಸಂಜೆಯವರೆಗೂ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಹತ್ತದೆ ಮಾಡುವ ತೆಂಗಿನ ಕೆಲಸ ಒಂದು ಸಿಕ್ಕಿತಲ್ಲ.

ಕೆಲಸ ಹೀಗೆ. ಬುಡದಿಂದ ಒಂದು ಹೆಜ್ಜೆ ದೂರದಲ್ಲಿ ಮೆಲ್ಲಗೆ ಮಣ್ಣು ಕೆದಕಬೇಕು. ಬೆರಳು ಗಾತ್ರದ ಎಳೆಯ ಬೇರು ಹುಡುಕಬೇಕು. ಅದರ ತುದಿಯನ್ನು ಓರೆಯಾಗಿ ಕೊಯ್ದು, ಮದ್ದು ತುಂಬಿದ ಸಣ್ಣ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ, ದಾರ ಬಿಗಿದು ಮಣ್ಣು ಮುಚ್ಚಬೇಕು. ಬೇರು ಜೀವ ಇರುವಂಥದ್ದಾದರೆ ಬೆಳಗಾಗುವುದರೊಳಗೆ ಚೀಲ ಖಾಲಿ. ಮದ್ದು ಬೇರಿನಿಂದ ಏರಿ ಏರಿ, ಮೇಲೆ ಗರಿ ತಿನ್ನುತ್ತಿರುವ ಹುಳುವಿನ ಬಾಯಿಗೇ ಹೋಗಿ ಬೀಳುತ್ತದೆ. ಮರಕ್ಕೆ ಮೊದಲೇ ನೀರು ನಿಲ್ಲಿಸಿ ಬಾಯಾರಿಸಿರಬೇಕು, ಇದು ಪಾಲಾಕ್ಷ ಕಂಡುಕೊಂಡ ಕಟ್ಟಳೆ. ಹೊಟ್ಟೆ ತುಂಬಿದ ಮರ ಮದ್ದು ಮುಟ್ಟಲ್ಲ ಅನ್ನುತ್ತಿದ್ದ. ಚೀಲ ಖಾಲಿಯಾಗುವವರೆಗೂ ಒಂದು ಹನಿ ನೀರು ಬಿಡಗೊಡುತ್ತಿರಲಿಲ್ಲ.

ಚನ್ನರಾಯಪಟ್ಟಣದಿಂದ ಹಳ್ಳಿಮೈಸೂರಿನವರೆಗೂ ಅವನನ್ನು ಕರೆಯುತ್ತಿದ್ದರು. ಒಂದು ಮಾತು ಮಾತ್ರ ಸತ್ಯ. ತೋಟದ ಯಜಮಾನನನ್ನು ಎದುರಿಗೆ ನಿಲ್ಲಿಸಿಕೊಂಡು ವಿವರ ಹೇಳದೆ ಪಾಲಾಕ್ಷ ಒಂದು ಚೀಲ ಕಟ್ಟಿದವನಲ್ಲ. ಇದು ವಿಷ, ಒಂದೂವರೆ ತಿಂಗಳು ಈ ಮರದ ಎಳನೀರು ಮುಟ್ಟಬೇಡಿ, ಮಕ್ಕಳಿಗೂ ಹೇಳಿ, ಕೆಲಸದವರಿಗೂ ಹೇಳಿ ಅನ್ನುತ್ತಿದ್ದ. ಎಲ್ಲಿ, ನಾನು ಹೇಳಿದ್ದನ್ನ ತಿರುಗಿ ಹೇಳಿ ನೋಡಾನ ಅನ್ನುತ್ತಿದ್ದ. ಒಬ್ಬ ಸಾಹುಕಾರ ಸಿಟ್ಟಾಗಿ, “ನಾನೇನು ಇಸ್ಕೂಲ್ ಹುಡುಗನೇನಲಾ?” ಅಂದರೆ, “ಆಗಿದ್ರೆ ಚೆಂದಾಗಿತ್ತು ಯಜಮಾನ್ರೇ, ಹುಡುಗ್ರು ಮರೆಯಾಕಿಲ್ಲ,” ಅಂದಿದ್ದ.

ಬೀಡಿ ಸೇದುತ್ತಿದ್ದ, ಸುಳ್ಳು ಹೇಳುವುದೇಕೆ. ಬರಿಗೈಯಲ್ಲಿ ವಿಷವನ್ನೂ ಮುಟ್ಟುತ್ತಿದ್ದ. ಯಾವುದರಿಂದ ಬಂತೋ ಯಾರಿಗೂ ಗೊತ್ತಿಲ್ಲ. ಕೆಮ್ಮು ಹಿಡಿಯಿತು. ಸಿರಪ್ಪಿನ ಮೇಲೆ ಸಿರಪ್ಪು ಕುಡಿದ. ಕಫದಲ್ಲಿ ರಕ್ತ ಕಂಡ ಮೇಲೆ ಹಾಸನಕ್ಕೆ ಹೋದರು. ಶ್ವಾಸಕೋಶದಲ್ಲಿ ಗಡ್ಡೆ.

ಆ ಆಸ್ಪತ್ರೆಯ ಡಾಕ್ಟರು ಶಶಿಕಿರಣ್ ಅಂತ. ಮಾತುಗಾರರು. ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

“ನೋಡಿ ಪಾಲಾಕ್ಷ ಅವರೇ, ಕ್ಯಾನ್ಸರ್ ಗಡ್ಡೆಗೆ ಹಸಿವು ಜಾಸ್ತಿ. ಬೇಗ ಬೇಗ ಬೆಳೀಬೇಕು. ಅದಕ್ಕೆ ರಕ್ತ ಬೇಕಲ್ಲ, ಅವಸರದಲ್ಲಿ ರಕ್ತನಾಳ ಕಟ್ಕೊಳ್ಳುತ್ತೆ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗೆ, ಬರೀ ತೂತು. ಈಗ ಹೊಸ ಮದ್ದು ಬಂದಿದೆ. ಪಾಲಿಮರ್ ಅಂತ, ದಾರದ ಎಳೆಯಂಥ ವಸ್ತು, ಅದನ್ನ ಉಂಡೆ ಕಟ್ಟಿ ಚೀಲ ಮಾಡಿ ಒಳಗೆ ಮದ್ದು ತುಂಬಿರ್ತಾರೆ. ತಲೆಗೂದಲನ್ನ ಉದ್ದಕ್ಕೆ ಸಾವಿರ ಸೀಳು ಮಾಡಿದ್ರೆ ಒಂದು ಸೀಳು ಎಷ್ಟಿರುತ್ತೋ, ಚೀಲ ಅಷ್ಟು. ಒಳ್ಳೆ ರಕ್ತನಾಳದಿಂದ ಅದು ಆಚೆ ಬರಲ್ಲ. ಗಡ್ಡೆ ಹತ್ರ ಬಂದಾಗ ತೂತಿನಲ್ಲಿ ನುಸುಳಿ ಒಳಗೆ ಹೋಗುತ್ತೆ. ಅಲ್ಲಿ ಚರಂಡಿನೂ ಸರಿಯಾಗಿರಲ್ಲ, ಅದಕ್ಕೇ ಅಲ್ಲೇ ಉಳ್ಕೊಂಡು, ಮೆಲ್ಲಗೆ ಬಿಚ್ಚಿ ಮದ್ದು ಬಿಡುತ್ತೆ. ಶತ್ರು ಮನೆ ಹೇಗಿದೆ ಅಂತ ನೋಡಿಯೇ ಚೀಲ ಹೊಲಿದಿದ್ದಾರೆ.”

ಪಾಲಾಕ್ಷನ ಕಣ್ಣು ಅರಳಿತು. “ನಾವು ಬೇರಿಗೆ ಚೀಲ ಕಟ್ಟಿದಂಗೆ ಅನ್ನಿ ಸಾ.” ತಾನು ಮಾಡುವ ಕೆಲಸವನ್ನು ಹೇಳಿದ.

ಡಾಕ್ಟರು ಮೇಜು ತಟ್ಟಿದರು. “ಕರೆಕ್ಟ್! ಅದೇ ನೋಡಿ! ನೀವು ತೆಂಗಿನ ಮರ, ಚೀಲ ಕಟ್ಟೋನು ನಾನು.”

ಅವತ್ತು ಪಾಲಾಕ್ಷ ಬಸ್ಸಿನಲ್ಲಿ ಎದೆ ಉಬ್ಬಿಸಿಕೊಂಡು ಬಂದ, ಗಡ್ಡೆ ಇದ್ದ ಎದೆಯನ್ನೇ.

ಆ ಚೀಲದ ಮದ್ದಿನ ಜೊತೆ ಇನ್ನೊಂದು ಹಳೆಯ ಮದ್ದೂ ಏರಿಸುತ್ತಿದ್ದರು. ಅದಕ್ಕೆ ಚೀಲ ಇಲ್ಲ. ಅದು ಕಿಡ್ನಿಯನ್ನು ಸುಡುವಂಥದ್ದು, ಹಿಂದೆ ಮುಂದೆ ಧಾರಾಳವಾಗಿ ನೀರು ಕುಡಿದು ತೊಳೆದುಕೊಳ್ಳಬೇಕು. ಇದು ಪ್ರೇಮಕುಮಾರಿಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಹೊಸ ಮದ್ದಿಗೆ ಚಿತ್ರ ಬರೆದು ಕಥೆ ಹೇಳಿದರು. ಹಳೆಯ ಮದ್ದಿನ ಕಥೆ ಯಾರೂ ಹೇಳಲಿಲ್ಲ. ನರ್ಸು ಒಂದು ಸಲ ನೀರು ಕುಡೀರಿ ಅಂದಿದ್ದಳು, ಬಾಗಿಲಲ್ಲಿ ಹುಷಾರಾಗಿ ಹೋಗಿ ಅಂತ ಅಂದ ಹಾಗೆ.

ಎರಡು ಸಲ ಮದ್ದು ಏರಿಸಿ ಸ್ಕ್ಯಾನ್ ಮಾಡಿಸಿದರು. ಡಾಕ್ಟರಿಗೆ ಅವತ್ತು ಚಿತ್ರ ಬರೆಯಲು ಪುರುಸೊತ್ತಿರಲಿಲ್ಲ. “ಗಡ್ಡೆ ಹಾಗೇ ಇದೆ. ನಾವಂದುಕೊಂಡಷ್ಟು ಮದ್ದು ಒಳಗೆ ಹೋಗ್ತಿಲ್ಲ ಅನ್ಸುತ್ತೆ. ಇನ್ನೊಂದು ಸಲ ಕೊಟ್ಟು ನೋಡೋಣ,” ಅಂದು ಮುಂದಿನವರನ್ನು ಕರೆದರು.

ಬಸ್ಸು ಶಾಂತಿಗ್ರಾಮ ದಾಟಿತು. ಪಾಲಾಕ್ಷ ತನ್ನಷ್ಟಕ್ಕೆ ಅಂದ, “ಹೊಟ್ಟೆ ತುಂಬಿದ ಮರ.” ಪ್ರೇಮಕುಮಾರಿ ಯಾವುದೋ ತೋಟದ ಯೋಚನೆ ಅಂದುಕೊಂಡಳು.

ಮೂರನೆಯ ಸಲಕ್ಕೆ ರಕ್ತ ಪರೀಕ್ಷೆ ಶನಿವಾರವೇ ಆಗಿತ್ತು. ಶನಿವಾರ ಅವನು ನೀರು ಕುಡಿದಿದ್ದ, ಎಲ್ಲ ಸರಿ ಅಂತ ಬಂತು. ಮಂಗಳವಾರ ಆಸ್ಪತ್ರೆಯಲ್ಲಿ ಸಂತೆಯಂಥ ಜನ. ಬಾಟಲಿಗಳನ್ನು ಬೇಗ ಬೇಗ ಇಳಿಸಿದರು. ಊಟ ಆಯ್ತಾ ಅಂತ ಕೇಳಿದರು, ಆಯ್ತು ಅಂದ. ನೀರು ಕುಡಿದಿದ್ದೀಯಾ ಅಂತ ಒಬ್ಬರೂ ಕೇಳಲಿಲ್ಲ. ತುಟಿ ಒಡೆದಿತ್ತು. ಒಡೆದ ತುಟಿ ಯಾರಿಗೂ ಕಾಣಲಿಲ್ಲ.

ಮನೆಗೆ ಬಂದು ವಾಂತಿ ಮಾಡಿಕೊಂಡ. ಎಳನೀರು ಹಿಡಿದರೆ ಮುಖ ತಿರುಗಿಸಿದ. “ಚೀಲ ಖಾಲಿಯಾಗ್ಲಿ ಇರೇ, ಈಗ ಕುಡಿದ್ರೆ ಎಲ್ಲಾ ದಂಡ.” ಅವಳು ಬೈದಳು, ಅತ್ತಳು, ಚಮಚದಲ್ಲಿ ಬಾಯಿಗೆ ಬಿಟ್ಟಳು. ಉಗಿದುಬಿಟ್ಟ. ಗುರುವಾರಕ್ಕೆ ಕಾಲು ಊದಿತು, ಒಂದಕ್ಕೆ ಹೋಗುವುದು ನಿಂತಿತು. ಕಾರು ಮಾಡಿಕೊಂಡು ಹಾಸನಕ್ಕೆ ಓಡಿದರು. ಅಲ್ಲಿ ಐಸಿಯುನ ಒಬ್ಬ ಚಿಕ್ಕ ಡಾಕ್ಟರು ಅವಳನ್ನೇ ಗದರಿದರು. “ಏನಮ್ಮ, ಮನೇಲಿ ನೀರು ಕೊಡ್ಲಿಲ್ವಾ? ಕಿಡ್ನಿ ಎರಡೂ ನಿಂತೋಗಿದೆ.”

ಡಯಾಲಿಸಿಸ್ ಮಾಡಿದರು. ಮುಂದಿನ ವಾರ ಹೆಣ ಕೊಟ್ಟರು.

ಶಿವಗಣಾರಾಧನೆಯ ದಿನವೇ ಮಾತು ಶುರುವಾಯಿತು. ನೀರು ಬಿಟ್ಟು ಸತ್ತನಂತೆ, ತಾನು ತೆಂಗಿನ ಮರ ಅಂದ್ಕೊಂಡಿದ್ದನಂತೆ. ಮೈದುನ ಪರಮೇಶ ಎಲೆಯ ಮುಂದೆ ಕೂತು ಅಂದ, “ಅಣ್ಣಂಗೆ ಮೊದ್ಲಿಂದ್ಲೂ ತಲೆ ಅಷ್ಟಕ್ಕಷ್ಟೆ ಕಣತ್ಗೆ. ಇಲ್ದಿದ್ರೆ ಯಾರಾದ್ರೂ ನೀರು ಬುಡ್ತಾರಾ?”

“ನಿನ್ ತ್ವಾಟದ ಮರ ನಿಂತಿರೋದು ಅದೇ ತಲೆಯಿಂದ ಕಣಪ್ಪಾ. ಉಂಡಿದ್ದಾಯ್ತಲ್ಲ, ಎದ್ದು ಕೈ ತೊಳ್ಕೊ.”

ಪರಮೇಶ ಎದ್ದ. ಊರಿನ ಮಾತು ಮಾತ್ರ ಕೂತೇ ಇತ್ತು. ಹಾಲಿನ ಡೇರಿಯಲ್ಲಿ, ಗಿರಣಿಯಲ್ಲಿ ಅವಳು ಬಂದರೆ ನಿಲ್ಲುತ್ತಿತ್ತು, ಹೋದರೆ ಮುಂದುವರಿಯುತ್ತಿತ್ತು. ಸಾವು ಬಂತು, ಸರಿ. ಸಾವು ಯಾರಿಗಿಲ್ಲ? ಆದರೆ ಅರ್ಧ ತಾಲ್ಲೂಕು ಕರೆದು ಮಾತು ಕೇಳಿದ ಮನುಷ್ಯನನ್ನು ದಡ್ಡ ಅಂತ ಹೇಳಿ ಇನ್ನೊಂದು ಸಲ ಹೂಳುವುದು ಬೇರೆ. ಅದನ್ನು ಅವಳು ನುಂಗಲು ತಯಾರಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಹಾಸನದಿಂದ ಫೋನ್ ಬಂತು. ಕಾಲೇಜೊಂದರ ಸಭಾಂಗಣದಲ್ಲಿ ಕ್ಯಾನ್ಸರ್ ಜಾಗೃತಿ ಕಾರ್ಯಕ್ರಮ, ರೋಗಿಗಳೂ ಮನೆಯವರೂ ಬರಬೇಕಂತೆ. ಹೋದಳು. ಮೂರನೆಯ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ತಲೆಗೆ ಸೆರಗು ಬಿಗಿದ ಬಡಕಲು ಹೆಂಗಸು, ಮಾದಮ್ಮ ಅಂತ, ಅರಕಲಗೂಡು ಕಡೆಯವಳು. ತನಗೂ ಮದ್ದು ಏರಿಸುತ್ತಿದ್ದಾರೆ ಅಂದಳು.

ವೇದಿಕೆಯ ಮೇಲೆ ಅದೇ ಡಾಕ್ಟರು ಶಶಿಕಿರಣ್. ಪರದೆಯ ಮೇಲೆ ಅದೇ ಗಡ್ಡೆ, ಅದೇ ತೂತು, ಅದೇ ಚೀಲ. “ನಮ್ಮ ಜಿಲ್ಲೆ ರೈತರಿಗೆ ನಾನು ಒಂದು ಉದಾಹರಣೆ ಕೊಡ್ತೀನಿ. ತೆಂಗಿನ ಮರದ ಬೇರಿಗೆ ಚೀಲ ಕಟ್ಟೋ ಹಾಗೆ,” ಅಂದರು. ಜನ ಚಪ್ಪಾಳೆ ಹೊಡೆದರು. ಪಾಲಾಕ್ಷನ ಮಾತು, ಚಪ್ಪಾಳೆ ಇವರಿಗೆ.

ಡಾಕ್ಟರು ಅಲ್ಲಿಗೇ ನಿಲ್ಲಿಸಲಿಲ್ಲ. “ಆದ್ರೆ ಮೂಢನಂಬಿಕೆಗೆ ಮದ್ದಿಲ್ಲ. ಒಬ್ರು ಪೇಷೆಂಟು, ನೀರು ಕುಡಿದ್ರೆ ಮದ್ದು ಹತ್ತಲ್ಲ ಅಂತ ನೀರೇ ಬಿಟ್ಬಿಟ್ರು! ಏನ್ ಹೇಳೋಣ?” ಸಭೆ ನಕ್ಕಿತು. ಮಾದಮ್ಮನೂ ನಕ್ಕಳು, ಪಾಪ, ಅವಳಿಗೇನು ಗೊತ್ತು.

ಆಮೇಲೆ ಮೇಘಶ್ರೀ ಅಂತ ಒಬ್ಬ ಹುಡುಗಿ ಮಾತಾಡಿದಳು. ಇಂಥ ಚೀಲದ ಮದ್ದಿನ ಮೇಲೇ ಸಂಶೋಧನೆ ಮಾಡುತ್ತಿರುವವಳು. ಅವಳು ಹೇಳಿದ್ದು ಬೇರೆಯೇ. ಈ ತೂತಿನ ಲೆಕ್ಕ ಚೆನ್ನಾಗಿ ಕೂಡಿಬಂದದ್ದು ಇಲಿಯ ಮೈಯಲ್ಲಿ. ಇಲಿಗೆ ಗಡ್ಡೆ ಬರಿಸಿದರೆ ಕೆಲವೇ ವಾರದಲ್ಲಿ ಊದುತ್ತದೆ, ರಕ್ತನಾಳವೆಲ್ಲ ತೂತು. ಮನುಷ್ಯನ ಗಡ್ಡೆ ವರ್ಷಗಟ್ಟಲೆ ಬೆಳೆಯುವಂಥದ್ದು. ಒಬ್ಬರದರಲ್ಲಿ ತೂತು ಇರುತ್ತದೆ, ಇನ್ನೊಬ್ಬರದರಲ್ಲಿ ಇರುವುದಿಲ್ಲ. ಕೆಲವರ ಗಡ್ಡೆ ಒಳಗೆ ನಾರು ತುಂಬಿ ಕಲ್ಲಾಗಿ, ರಕ್ತನಾಳವನ್ನೇ ಅಮುಕಿಬಿಟ್ಟಿರುತ್ತದೆ, ಅಲ್ಲಿಗೆ ಯಾವ ಚೀಲವೂ ತಲುಪುವುದಿಲ್ಲ. “ಅಳತೆ ತಗೊಳ್ಳದೆ ರವಿಕೆ ಹೊಲಿಯೋಕಾಗಲ್ಲ. ಮೊದಲು ಆ ಗಡ್ಡೆ ಎಂಥದ್ದು ಅಂತ ತಿಳೀಬೇಕು, ಆಮೇಲೆ ಅದಕ್ಕೆ ತಕ್ಕ ಚೀಲ,” ಅಂದಳು.

ಪ್ರಶ್ನೆ ಇದ್ದರೆ ಕೇಳಿ ಅಂದರು. ಪ್ರೇಮಕುಮಾರಿ ಎದ್ದು ನಿಂತಳು.

“ಆ ನೀರು ಬಿಟ್ಟೋರು ನಮ್ಮನೆಯವ್ರು. ಪಾಲಾಕ್ಷ ಅಂತ. ಎಸ್ರು ಇಲ್ದಂಗೆ ಯೋಳುದ್ರಲ್ಲ, ಅದ್ಕೆ ನಾನು ಯೋಳ್ತಾ ಇವ್ನಿ.”

ಜನ ಕುರ್ಚಿಯಲ್ಲೇ ತಿರುಗಿ ನೋಡಿದರು. ಡಾಕ್ಟರು, “ಅಮ್ಮ, ನಾನು ಯಾರ ಮನಸ್ಸನ್ನೂ ನೋಯಿಸೋಕೆ…” ಅಂದರು.

“ಬೇರಿಗೆ ಚೀಲ ಕಟ್ಟಿದಂಗಾ ಅಂತ ಅವ್ರು ಕೇಳುದ್ರು. ಅದೇ ನೋಡಿ ಅಂತ ಮೇಜು ತಟ್ಟಿದ್ದು ಯಾರು ಸಾ? ಅಂಗಲ್ಲ ಕಣಯ್ಯ, ಮರ ಬ್ಯಾರೆ ಮನ್ಸ ಬ್ಯಾರೆ ಅಂತ ಒಂದು ಮಾತ್ ಅಂದ್ರಾ? ಮದ್ದು ಒಳಕ್ಕೋಗ್ತಿಲ್ಲ ಅಂತ ಯೋಳಿ ಕಳ್ಸುದ್ರಿ. ಅವ್ರು ತಮಗೆ ತಿಳಿದ ಇದ್ಯೆ ಮಾಡುದ್ರು. ಅದು ಮೂಢನಂಬಿಕೆನಾ?”

“ನೀರಿನ ವಿಷಯ ನಮ್ಮ ಸ್ಟಾಫ್ ಹೇಳಿರ್ತಾರೆ.”

“ಯೋಳಿರ್ತಾರೆ! ನಮ್ಮನೆಯವ್ರು ಮರಕ್ಕೆ ಚೀಲ ಕಟ್ಟುವಾಗ್ಲೂ ಯಜಮಾನ್ರ ಬಾಯಿಂದ ತಿರುಗಿ ಯೋಳಿಸ್ತಿದ್ರು. ನೀವು ಮನ್ಸನಿಗೆ ಕಟ್ಟಿದ್ರಿ.” ಆಮೇಲೆ ಹುಡುಗಿಯ ಕಡೆ ತಿರುಗಿದಳು. “ಆ ಇಲಿ ಇಸ್ಯ ಯಾವಾಗಿಂದ ಗೊತ್ತವ್ವಾ?”

“ತುಂಬಾ ವರ್ಷದಿಂದ ಈ ಕ್ಷೇತ್ರದವರಿಗೆಲ್ಲ ಗೊತ್ತಿರೋದೇ ಅಮ್ಮ,” ಅಂದಳು ಮೇಘಶ್ರೀ, ತಲೆ ತಗ್ಗಿಸಿ.

“ನಮ್ಮನೆಯವ್ರ ಗಡ್ಡೆ ತೂತಿಂದೋ ಕಲ್ಲಿಂದೋ, ಯಾರಾದ್ರೂ ನೋಡಿದ್ರಾ?”

“ಅದನ್ನ ಮೊದಲೇ ಕಂಡುಹಿಡಿಯೋ ಪರೀಕ್ಷೆ ಇನ್ನೂ ಎಲ್ಲಾ ಆಸ್ಪತ್ರೆಗೆ ಬಂದಿಲ್ಲಮ್ಮ.”

“ಅಂಗಾರೆ ಗೊತ್ತಿಲ್ಲ ಅನ್ಬೇಕಿತ್ತು. ಗೊತ್ತಿಲ್ಲ ಅನ್ನಕ್ಕೆ ಎಷ್ಟೊತ್ತು ಬೇಕು?”

ಮೇಘಶ್ರೀ ವೇದಿಕೆ ಇಳಿದು ಅವಳ ಹತ್ತಿರ ಬಂದು ನಿಂತಳು. “ಅಮ್ಮ, ಅವರು ಯೋಚಿಸಿದ್ದು ಮರದ ಮಟ್ಟಿಗೆ ಸರಿ. ಮರದಲ್ಲಿ ಮೇಲಿನ ಎಲೆ ನೀರು ಎಳ್ಕೊಳ್ಳುತ್ತೆ. ನಮ್ಮಲ್ಲಿ ಹೃದಯ ಹಿಂದಿನಿಂದ ತಳ್ಳುತ್ತೆ. ಬಾಯಾರಿದ್ರೆ ಗಡ್ಡೆಗೆ ಮದ್ದು ಜಾಸ್ತಿ ಹೋಗಲ್ಲ, ಕಿಡ್ನಿ ಸುಡುತ್ತೆ ಅಷ್ಟೆ. ಇಷ್ಟನ್ನ ಅವರಿಗೆ ಯಾರಾದ್ರೂ ಹೇಳಬೇಕಿತ್ತು.”

ಇಷ್ಟೇ. ಬಸ್ಸಿನ ಬಾಗಿಲು ಹಾಕಿ ಸೀಟಿ ಊದುವಷ್ಟು ಹೊತ್ತಿನ ಮಾತು. ಹೇಳಿದ್ದರೆ ಪಾಲಾಕ್ಷನಿಗೆ ತಿಳಿಯುತ್ತಿತ್ತು. ಎಲೆ, ಬೇರು ಅಂದರೆ ಅವನಿಗೆ ಬಿಡಿಸಿ ಹೇಳುವುದೇ ಬೇಡ. ಗಡ್ಡೆ ಅವನನ್ನು ಆಮೇಲೆ ಕೊಲ್ಲುತ್ತಿತ್ತೇನೋ, ಕೊಲ್ಲಲಿ. ಅದಕ್ಕೆ ಅವಳ ತಕರಾರಿಲ್ಲ.

ಡಾಕ್ಟರು ಕೆಳಗೆ ಬಂದರು. ಮೈಕನ್ನು ಸೊಂಟದ ಹತ್ತಿರ ಹಿಡಿದುಕೊಂಡು, “ತಪ್ಪಾಯ್ತಮ್ಮ. ನಾನು ಬಿಡಿಸಿ ಹೇಳ್ಬೇಕಿತ್ತು,” ಅಂದರು. ಮುಖದಲ್ಲಿ ನಿಜವಾಗಿ ನೋವಿತ್ತು, ಅದನ್ನು ಇಲ್ಲ ಅನ್ನಬಾರದು.

“ಮೂಢನಂಬಿಕೆ ಅನ್ನುವಾಗ ಮೈಕು ಬಾಯತ್ರ ಇತ್ತು ಸಾ.”

ಅವರು ಮೈಕನ್ನು ನೋಡಿದರು. ಎತ್ತಲೂ ಇಲ್ಲ, ಇಡಲೂ ಇಲ್ಲ. ಅಷ್ಟರಲ್ಲಿ ಯಾರೋ ಊಟಕ್ಕೆ ಏಳಿ ಅಂದುಬಿಟ್ಟರು. ಕುರ್ಚಿಗಳು ಸದ್ದು ಮಾಡಿದವು. ಹಿಂದಿನ ಸಾಲಿನವರಿಗೆ ತಪ್ಪಾಯಿತು ಅನ್ನುವ ಮಾತು ಕೇಳಲೇ ಇಲ್ಲ.

ಪ್ರೇಮಕುಮಾರಿ ಊಟ ಮಾಡಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಳು. ಮಾದಮ್ಮ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. “ನಗಬಾರದಿತ್ತು ಕಣಕ್ಕ, ನಂಗೆ ಗೊತ್ತಿರ್ನಿಲ್ಲ.” ಮಾತಾಡುವಾಗ ಅವಳ ನಾಲಿಗೆ ಅಂಟುತ್ತಿತ್ತು.

“ನೀರು ಕುಡಿದಿದ್ದೀಯೇನೇ?”

“ಬೆಳಗ್ಗಿಂದ ಇಲ್ಲ. ಬಸ್ಸಲ್ಲಿ ಒಂದಕ್ಕೆ ಬಂದ್ರೆ ಎಲ್ಲೋಗಾದು? ಬಸ್ಟ್ಯಾಂಡ್ ಕಕ್ಕಸಿನೊಳಕ್ಕೆ ಕಾಲಿಡಕ್ಕಾದದಾ? ಆಸ್ಪತ್ರೆ ದಿನ ನಾನು ನೀರೇ ಮುಟ್ಟಾಕಿಲ್ಲ.”

ಪ್ರೇಮಕುಮಾರಿಗೆ ತಲೆಗೆ ಹತ್ತಿದ ಸಿಟ್ಟು ಇಳಿಯಲು ಜಾಗ ಸಿಕ್ಕಿತು. “ಅಷ್ಟೊತ್ತು ಒಳಗೆ ಬಡ್ಕೊಂಡೆನಲ್ಲೇ, ನಿನ್ ಕಿವೀಲಿ ಏನಿತ್ತು? ನಿಂಗೆ ಏರಿಸಾದೂ ಅದೇ ಕಿಡ್ನಿ ಸುಡೋ ಮದ್ದೋ ಏನೋ, ಕೇಳಿದ್ದೀಯಾ?” ಕೈ ಹಿಡಿದು ಎಬ್ಬಿಸಿ ನಲ್ಲಿಯ ಹತ್ತಿರ ಎಳೆದುಕೊಂಡು ಹೋದಳು. ಕುಡಿಸಿದಳು. ಮೇಘಶ್ರೀಯನ್ನು ಹುಡುಕಿ ಕಾಲೇಜಿನ ಒಳಗೆ ಹೆಂಗಸರ ಕಕ್ಕಸಿನ ಬೀಗ ತೆಗೆಸಿದಳು. ಮಾದಮ್ಮನಿಗೆ ಏರಿಸುತ್ತಿದ್ದದ್ದು ಅದೇ ಹಳೆಯ ಮದ್ದು ಅಂತ ಆ ಹುಡುಗಿಯೇ ಚೀಟಿ ನೋಡಿ ಹೇಳಿದಳು. ಪ್ರೇಮಕುಮಾರಿ ಮಾದಮ್ಮನ ಫೋನ್ ನಂಬರು ತೆಗೆದುಕೊಂಡು ಬಂದಳು.

ಊರಲ್ಲಿ ಮಾತು ಇನ್ನೂ ನಿಂತಿಲ್ಲ. ಅವಳು ಪ್ರತಿಯೊಬ್ಬರಿಗೂ ಎಲೆ ಎಳೆಯುತ್ತದೆ, ಹೃದಯ ತಳ್ಳುತ್ತದೆ ಅಂತ ಹೇಳುತ್ತಾಳೆ. ಕೆಲವರು ಕೇಳುತ್ತಾರೆ.

ಈಗಲೂ ದಿನಾ ಬೆಳಗ್ಗೆ, ಒಲೆ ಹಚ್ಚುವ ಮುಂಚೆ, ಅರಕಲಗೂಡಿಗೆ ಒಂದು ಫೋನ್.

“ಕುಡಿದ್ಯಾ?”

“ಕುಡಿದೆ ಕಣಕ್ಕ. ನಿನ್ ಕಾಟ ಡಾಕ್ಟ್ರಿಗಿಂತ ಜಾಸ್ತಿ ಆಯ್ತು.”

“ಸುಳ್ಳು. ಫೋನ್ ಅತ್ರ ಇಟ್ಕೊಂಡು ಕುಡಿ, ನಂಗೆ ಕೇಳ್ಬೇಕು.”

ಆ ಕಡೆ ಮಾದಮ್ಮ ಗೊಣಗುತ್ತಾಳೆ, ಲೋಟ ತುಂಬುತ್ತಾಳೆ, ಕುಡಿಯುತ್ತಾಳೆ. ಪ್ರೇಮಕುಮಾರಿ ಗುಟುಕಿನ ಸದ್ದನ್ನು ಕಿವಿಗೊಟ್ಟು ಕೇಳಿ, ಇನ್ನೊಂದು ಲೋಟ ಅನ್ನುತ್ತಾಳೆ.